ಅಕ್ಕನ ಸ್ಕೂಟರಿನ ಫುಟ್‌ಬೋರ್ಡು

ನನ್ನ ಗಂಟಲು ದೊಡ್ಡದು. ಗುಬ್ಬಿಯಲ್ಲಿ ಹಿಟ್ಟಿನ ಮಿಲ್ಲು ನಡೆಸೋಳಿಗೆ ಇನ್ನೆಂಥದಿರುತ್ತೆ? ದಿನವೆಲ್ಲ ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ, ಮನೆಗೆ ಬಂದು ಉಪ್ಪು ಕೊಡು ಅಂದರೂ ಪಕ್ಕದ ಮನೆಯವರು ಏನಾಯ್ತು ಅಂತ ಆಚೆ ಬರ್ತಾರೆ. ಕೋಪವೂ ಅಷ್ಟೇ, ಮೂಗಿನ ತುದಿಯಲ್ಲೇ ಕೂತಿರುತ್ತೆ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ಯಾಕಂದ್ರೆ ನಾನು ವೆಲ್ಡಿಂಗ್ ಕಲಿತದ್ದು ಆಸೆಗಲ್ಲ, ಕೋಪಕ್ಕೆ.

ಮನೆಯಲ್ಲಿ ನಾನು, ನಮ್ಮಕ್ಕ, ಇಬ್ಬರೇ. ಅಕ್ಕನಿಗೆ ಎಡಗಾಲಿಗೆ ಬಲವಿಲ್ಲ. ನಾನು ಹುಟ್ಟೋದಕ್ಕೂ ಮುಂಚೆ, ಅವಳಿನ್ನೂ ತೊದಲು ಮಾತಾಡೋ ವಯಸ್ಸಲ್ಲಿ, ಪೋಲಿಯೊ ಬಂದಿತ್ತು. ಕಡಬದ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಗುಬ್ಬಿಯಿಂದ ದಿನಾ ಹೋಗಿ ಬರೋದು ತನ್ನ ಸ್ಕೂಟರಿನಲ್ಲೇ. ಈಗಿನ ಪ್ಲಾಸ್ಟಿಕ್ ಗಾಡಿ ಅಲ್ಲ ಅದು. ಮೈಯೆಲ್ಲ ತಗಡಿನ ಹಳೇ ಕಾಲದ್ದು. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ಚಿಕ್ಕ ಚಕ್ರ, ಬ್ರೇಕು ಕೈಗೆ, ಸೀಟು ಒಂದಿಷ್ಟು ತಗ್ಗು. ಹೊಸದು ತಗೋ ಅಂತ ಎಲ್ಲರೂ ಹೇಳಿದ್ದಾರೆ, ಅವಳೂ ಒಂದೆರಡು ಹತ್ತಿ ನೋಡಿದ್ದಾಳೆ. ಯಾವುದೂ ಸರಿಬರಲಿಲ್ಲ. ಆ ಹಳೇ ಗಾಡಿ ಅವಳ ಅಳತೆಗೆ ಹೊಲಿಸಿದ ರವಿಕೆ ಥರ.

ಒಂದು ಸಂಜೆ ಅವಳು ಊರುಗೋಲಿಲ್ಲದೆ ಮನೆಗೆ ಬಂದಳು. ಗೇಟಿನ ಮುಂದೆ ಗಾಡಿ ನಿಲ್ಲಿಸಿ ಹಾರನ್ ಹೊಡೆದು ನನ್ನ ಕರೆದಳು, ಇಳಿಯೋಕೆ ಭುಜ ಕೊಡು ಅಂತ. ಕೋಲೆಲ್ಲಿ ಅಂದೆ. ಅದನ್ನ ಯಾವಾಗಲೂ ಕಾಲ ಹತ್ತಿರ ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿಕೊಂಡು ಬರ್ತಾಳೆ. ಕಡಬದ ಕೆರೆ ಏರಿ ಮೇಲೆ ಬರೋವಾಗ ಫುಟ್‌ಬೋರ್ಡು ತೂತಾಗಿ ಕೋಲು ಕೆಳಗೆ ಜಾರಿ, ರಸ್ತೆಗೆ ಉಜ್ಜಿ, ಮುರಿದು ಹೋಯಿತಂತೆ. ಗಾಡಿಗೂ ಒಂದು ಕಾಲು ಬಂದಿತ್ತು ಕಣೇ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಬಗ್ಗಿ ನೋಡಿದೆ. ಮೇಲೆ ಹಾಕಿದ ರಬ್ಬರ್ ಮ್ಯಾಟಿನ ಕೆಳಗೆ ತಗಡೆಲ್ಲ ತುಕ್ಕು ತಿಂದು ಹಪ್ಪಳ ಆಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಹತ್ತುವಾಗ ಇಳಿಯುವಾಗ ಅವಳ ಅಷ್ಟೂ ಭಾರ ಬಲಗಾಲಿನ ಮೇಲೆ, ಆ ಬಲಗಾಲು ಅದೇ ತಗಡಿನ ಮೇಲೆ. ಓಡೋ ಗಾಡಿಯಲ್ಲಿ ಅದು ಕುಸಿದರೆ ಇರೋ ಒಂದು ಕಾಲೂ ಹೋಗುತ್ತೆ. ಇವತ್ತಿಂದ ಗಾಡಿ ಮುಟ್ಟಬೇಡ ಅಂದೆ.

ಮಾರನೇ ದಿನದಿಂದ ನನ್ನ ಸ್ಕೂಟಿಯಲ್ಲಿ ಹಿಂದೆ ಕೂರಿಸಿಕೊಂಡು ಬಿಟ್ಟು ಬರೋದು, ಕರಕೊಂಡು ಬರೋದು. ಅದೇನು ದೊಡ್ಡ ವಿಷಯ ಅಂತ ನನ್ನ ಅಂದಾಜು. ಅವಳಿಗೆ ಅದು ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯಿತು. ಮಿಲ್ಲಿನ ಮುಂದೆ ರಾಗಿ ಡಬ್ಬ ಹಿಡಿದವರ ಸಾಲು ಕರಗದಿದ್ದರೆ ನಾನು ಹೊರಡೋದು ತಡ. ಆ ಕಡೆ ಲೈಬ್ರರಿ ಬಾಗಿಲು ಹಾಕಿಕೊಂಡು ಅವಳು ಜಗಲಿ ಮೇಲೆ ಕೂತಿರಬೇಕು. ಹೋಗೋ ಬರೋರೆಲ್ಲ ಯಾಕಮ್ಮ ಇನ್ನೂ ಹೋಗಿಲ್ವಾ, ಯಾರೂ ಬರ್ಲಿಲ್ವಾ ಅಂತ ಕೇಳಬೇಕು. ಕೆಲಸ ಸಿಕ್ಕಿದಾಗಿಂದ ಅವಳನ್ನ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಒಂದು ದಿನ ತುಂಬಾ ತಡವಾಗಿ ಹೋದೆ. ಬೈತಾಳೆ ಅಂದ್ಕೊಂಡೆ. ಬೈಯಲಿಲ್ಲ. ಹತ್ತಿ ಕೂತು, ಏರಿ ದಾಟಿದ ಮೇಲೆ, ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಅಂದಳು:

“ನಾನು ಪಾರ್ಸಲ್ ಆಗ್ಬುಟ್ಟೆ ಕಣೇ. ಇಟ್ಟ ಕಡೆ ಇರ್ಬೇಕು, ತಗೊಂಡೋಗೋರು ಬರೋಗಂಟ.”

ಮುಂದೆ ರಸ್ತೆ ಮಂಜಾಯಿತು. ಗುಬ್ಬಿ ಬರೋವರೆಗೂ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರೋದು ನನ್ನ ಜನ್ಮದಲ್ಲೇ ಅಪರೂಪ.

ಗಾಡಿನ ಶಾಪಿಗೆ ಹಾಕೋಣ ಅಂದರೆ ಅವಳು ಸುತಾರಾಂ ಒಪ್ಪಲ್ಲ. ಹಿಂದೊಂದು ಸಲ ತುಮಕೂರಿನ ಒಂದು ಶಾಪಿಗೆ ಬಣ್ಣಕ್ಕೆ ಅಂತ ಕೊಟ್ಟಿದ್ದಳು. ಇವತ್ತು ನಾಳೆ ಅಂತ ಮಳೆಗಾಲ ಪೂರ್ತಿ ಮೂಲೆಯಲ್ಲಿ ನಿಲ್ಲಿಸಿಕೊಂಡಿದ್ದರು. ಗಾಡಿ ಮನೆ ಗೇಟು ದಾಟಲ್ಲ, ರಿಪೇರಿ ಆಗೋದಾದ್ರೆ ನನ್ನ ಕಣ್ಣೆದುರಿಗೇ ಆಗ್ಲಿ ಅಂದಳು. ಗುಬ್ಬಿಯ ಒಬ್ಬ ಮೆಕ್ಯಾನಿಕ್ ಮನೆಗೇ ಬಂದು ನೋಡಿ, ಇದನ್ನ ಗುಜರಿಗೆ ಹಾಕಮ್ಮ ಅಂತ ಅವಳ ಎದುರಿಗೇ ಅಂದ. ಗ್ರಿಲ್ಲು ಬಾಗಿಲು ಮಾಡೋ ಇನ್ನೊಬ್ಬ ಬಂದು ಕಡ್ಡಿ ವೆಲ್ಡಿಂಗ್ ಹಾಕಿದ. ದಪ್ಪ ಕಂಬಿ ಅಂಟಿಸೋ ಕೈ ಅದು. ಮುಟ್ಟಿಸಿದ್ದೇ ತಡ ತಗಡು ಬೆಣ್ಣೆ ಥರ ಕರಗಿ, ಕೋಲು ಜಾರುವಷ್ಟಿದ್ದ ತೂತು ಪಾದ ತೂರುವಷ್ಟಾಯಿತು. ಅವನು ಕೈ ಒರೆಸಿಕೊಂಡು, ಇಷ್ಟು ತೆಳ್ಳಗಿರೋದಕ್ಕೆ ಯಾರಿಗೂ ಹಾಕಕ್ಕಾಗಲ್ಲ ಅಂದ. ನನಗೆ ಎಲ್ಲಿತ್ತೋ ಸಿಟ್ಟು, ಹಾಗಾದ್ರೆ ನಾನೇ ಹಾಕ್ತೀನಿ ಬಿಡಯ್ಯ ಅಂದುಬಿಟ್ಟೆ. ಬೀದಿಯವರೆಲ್ಲ ಕೇಳಿಸಿಕೊಂಡರು. ನನ್ನ ಗಂಟಲು ಹೇಳಿದೆನಲ್ಲ.

ಆಡಿದ ಮಾತು ಉಳಿಸಿಕೊಳ್ಳೋಕೆ ನೆನಪಾದವರು ನಮ್ಮ ಭಾವ. ಭಾವ ಅಂದರೆ ಅಕ್ಕನ ಗಂಡ ಅಲ್ಲ, ಅವಳು ಮದುವೆ ಆಗಿಲ್ಲ. ನಮ್ಮ ಸೋದರತ್ತೆ ಮಗ. ಕುಣಿಗಲ್ಲಿನಲ್ಲಿ ಕಾರುಗಳ ಟಿಂಕರಿಂಗ್ ಶಾಪು ಇಟ್ಟಿದ್ದವರು. ಸೊಟ್ಟಗಾದ ಬಾಗಿಲು, ತುಕ್ಕು ಹಿಡಿದ ತಳ, ಎಲ್ಲ ನೆಟ್ಟಗೆ ಮಾಡಿದವರು. ಈಗ ಶಾಪು ಮುಚ್ಚಿ ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ತಮ್ಮನ್ನ ಬಿಟ್ಟರೆ ತಗಡು ಕೆಲಸಕ್ಕೆ ಜಿಲ್ಲೆಯಲ್ಲೇ ಇನ್ನೊಬ್ಬ ಇಲ್ಲ ಅಂತ ಅವರೇ ಹೇಳ್ಕೊಂಡು ತಿರುಗ್ತಾರೆ, ಬೇರೆ ಯಾರೂ ಹೇಳಿದ್ದನ್ನ ನಾನು ಕೇಳಿಲ್ಲ. ಫೋನ್ ಮಾಡಿದೆ. ಕಡ್ಡಿಯಲ್ಲಿ ಆಗಲ್ಲ, ಅದಕ್ಕೆ ಸೀಓಟು ಬೇಕು ಅಂದರು. ಇಂಗ್ಲಿಷಿನಲ್ಲಿ ಮಿಗ್ ಅಂತಾರಲ್ಲ, ನಮ್ಮ ಕಡೆ ಶಾಪುಗಳಲ್ಲಿ ಅದಕ್ಕೆ ಸೀಓಟು ಅಂತಲೇ ಹೆಸರು, ಸಿಲಿಂಡರಿನಲ್ಲಿ ಬರೋ ಗ್ಯಾಸಿನ ಹೆಸರು. ಗನ್ನಿನ ಗುಂಡಿ ಒತ್ತಿದರೆ ದಾರದಷ್ಟು ಸಣ್ಣ ತಂತಿ ತಾನೇ ಹೊರಗೆ ಬರುತ್ತೆ, ಬಂದು ಉರಿದು ಕರಗುತ್ತೆ, ಸುತ್ತ ಗ್ಯಾಸು ಹರಡಿ ಗಾಳಿ ತಾಗದ ಹಾಗೆ ಕಾಯುತ್ತೆ. ಅವರ ಹಳೇ ಮಿಷಿನ್ನು ಮಗಳ ಮನೆ ಮೆಟ್ಟಿಲ ಕೆಳಗಿತ್ತು. ನೀವೇ ಬಂದು ಹಾಕಿಕೊಡಿ ಭಾವ ಅಂದೆ. ಅಲ್ಲೇ ತೊಡಕು ಇದ್ದದ್ದು. ಆಗಷ್ಟೇ ಅವರ ಎರಡೂ ಕಣ್ಣಿಗೆ ಆಪರೇಷನ್ ಆಗಿತ್ತು. ವೆಲ್ಡಿಂಗ್ ಬೆಳಕಿನ ಕಡೆ ಮುಖ ಹಾಕಬೇಡಿ ಅಂತ ಡಾಕ್ಟ್ರು ಹೆದರಿಸಿ ಕಳಿಸಿದ್ದರು. ಆದರೂ ಬಂದರು. ಗೂಡ್ಸ್ ಆಟೋದಲ್ಲಿ ಮಿಷಿನ್ನು, ಸಿಲಿಂಡರು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಭಾವ, ಮದುವೆ ಗಂಡಿನ ಠೀವಿ.

ಹಿಟ್ಟಿನ ದೂಳು ಇರೋ ಕಡೆ ಕಿಡಿ ಹಾರಿಸೋದು ಮನೆ ಸುಟ್ಕೊಂಡ ಹಾಗೆ, ಅದಕ್ಕೇ ಮಿಲ್ಲಿನಲ್ಲಿ ಬೇಡ ಅಂದು ಮನೆ ಹಿತ್ತಿಲಿನ ಶೀಟಿನ ಚಾವಡಿಯಲ್ಲಿ ಹೂಡಿದ್ದಾಯಿತು. ಗಾಳಿ ಬಂದರೆ ಗ್ಯಾಸು ಹಾರಿಹೋಗಿ ಬೆಸುಗೆ ಒಳಗೆಲ್ಲ ತೂತು ತೂತಾಗಿ ರವೆ ಇಡ್ಲಿ ಆಗುತ್ತೆ ಅಂತ ಸುತ್ತ ನೆನೆಸಿದ ಗೋಣಿಚೀಲ ಕಟ್ಟಿದೆವು. ಕಲಿಯೋಕೆ ಖಾಲಿ ಎಣ್ಣೆ ಡಬ್ಬ, ಹಳೇ ಬೀರುವಿನ ಬಾಗಿಲು. ಭಾವ ಕುರ್ಚಿ ಹಾಕಿಸಿಕೊಂಡು ನನಗೆ ಬೆನ್ನು ತಿರುಗಿಸಿ, ಗೋಡೆ ನೋಡಿಕೊಂಡು ಕೂತರು. ನೋಡದೆ ಹೆಂಗೆ ಕಲಿಸ್ತೀರಿ ಅಂದೆ. ಸದ್ದು ಸಾಕು ಅಂದರು. ಸರಿಯಾಗಿ ಬಿದ್ದರೆ ಬೋಂಡ ಕರಿಯೋ ಸದ್ದಂತೆ, ಪಟ ಪಟ ಅಂದರೆ ತಂತಿ ಜಾಸ್ತಿಯಂತೆ, ಬುಸ್ ಅಂದರೆ ತಗಡು ಹೋಯಿತು ಅಂತಲೇ ಅಂತೆ.

ಮುಖಕ್ಕೆ ಹೆಲ್ಮೆಟ್ ಇಳಿಸಿ, ಗನ್ನು ಇಟ್ಟು, ಗುಂಡಿ ಒತ್ತಿದೆ. ಜುಯ್ ಅಂತು. ಆ ಕಡೆಯಿಂದ ಭಾವ “ಬುಡು” ಅಂದರು. ಒತ್ತಿದೆ. “ಬುಡು, ಬುಡು” ಅಂದರು. ಇನ್ನೂ ಒತ್ತಿ ಹಿಡಿದೆ. ಬುಸ್ ಅಂತು. ಹೆಲ್ಮೆಟ್ ತೆಗೆದು ನೋಡಿದರೆ ಡಬ್ಬದಲ್ಲಿ ನಿಂಬೆಹಣ್ಣು ತೂರುವಷ್ಟು ತೂತು, ಅಂಚಿನಲ್ಲಿ ಕೆಂಪು ಇನ್ನೂ ಆರಿರಲಿಲ್ಲ. ಇನ್ನೊಂದು ಸಲ. ಮತ್ತೆ ಬುಡು, ಮತ್ತೆ ಒತ್ತಿದೆ, ಮತ್ತೆ ತೂತು. ಸಂಜೆಯೊಳಗೆ ಹಿತ್ತಿಲಲ್ಲಿ ಇದ್ದಬದ್ದ ಡಬ್ಬವೆಲ್ಲ ಜರಡಿ ಆಯಿತು. ನಿಮ್ಮ ಮಿಷಿನ್ನೇ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂದರು. ಹೇಳಿಕೊಡೋರು ಸರಿಯಿದ್ರೆ ಕಲಿಯೋರು ಕಲೀತಾರೆ ಅಂದೆ. ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾಯ್ತು ಅಂತ ಗೋಡೆಗೆ ಹೇಳಿದರು. ಎರಡು ದಿನ ಹೀಗೇ. ಮೂರನೇ ದಿನ ಅವರು ಮಿಷಿನ್ನು ವಾಪಸ್ ಒಯ್ಯೋಕೆ ಆಟೋದವನಿಗೆ ಫೋನ್ ಮಾಡೋ ಮಟ್ಟಕ್ಕೆ ಬಂತು.

ಅಕ್ಕ ಅಡುಗೆ ಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸ್ತಾ ಎಲ್ಲ ಕೇಳಿಸಿಕೊಳ್ತಾ ಇದ್ದಳು. ಫೋನ್ ಇಡಿ ಭಾವ ಅಂದಳು. ಆಮೇಲೆ ನನ್ನ ಕೇಳಿದಳು, ಮಿಲ್ಲಿನಲ್ಲಿ ಬುಡು ಅಂದ್ರೆ ನೀನು ಏನು ಮಾಡ್ತೀಯಾ ಅಂತ. ಇದೇನು ಕೇಳ್ತಾಳೆ ಅನ್ನಿಸಿತು. ರಾಗಿ ಬುಡು ಅಂದರೆ ಮೇಲಿನ ಬಾಯಿ ತೆಗೆದು ಕಾಳು ಸುರಿಯೋದು, ಇನ್ನೂ ಬುಡು ಅಂದರೆ ಇನ್ನೂ ಸುರಿಯೋದು. ತೋಟದಲ್ಲಿ ನೀರು ಬುಡು ಅಂದರೆ ತೂಬು ತೆಗೆಯೋದು. ಗಾಡಿ ಬುಡು ಅಂದರೆ ಓಡಿಸೋದು. ಹುಟ್ಟಿದಾಗಿಂದ ನನಗೆ ಬುಡು ಅಂದರೆ ಹರಿಯಕ್ಕೆ ಬಿಡೋದು. ಭಾವನನ್ನ ಕೇಳಿದಳು. ಅವರು ಗೋಡೆ ಕಡೆಯಿಂದ ತಿರುಗಿ, ಬುಡು ಅಂದ್ರೆ ಕೈ ಬುಡು, ಗುಂಡಿ ಬುಡು, ನಿಲ್ಸು ಅಂತ, ಇನ್ನೇನು, ಅಂದರು.

ಅಕ್ಕ ನಕ್ಕಳು ನೋಡಿ, ಮೊರದಲ್ಲಿದ್ದ ಅವರೆಕಾಯಿ ಎಲ್ಲ ಚೆಲ್ಲಿತು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು ಅಂತ ನನಗೆ ಆಗಲೇ ಅರಿವಾಗಿದ್ದು. ಇಬ್ಬರೂ ಕನ್ನಡವೇ, ಇಬ್ಬರೂ ಒಂದೇ ಜಿಲ್ಲೆ, ಅವರು ನಿಲ್ಲಿಸು ಅಂತ ಗಂಟಲು ಹರಕೊಂಡಷ್ಟೂ ನಾನು ಒತ್ತಿ ಒತ್ತಿ ಡಬ್ಬ ಸುಟ್ಟಿದ್ದೆ. ಹೋಗ್ಲಿ, ಸಾಕು ಅನ್ನೋಣ ಅಂತ ಭಾವ ಅಂದರು. ಅದೂ ಬೇಡ ಅಂದಳು ಅಕ್ಕ. ನಮ್ಮ ಕಡೆ ಎಲೆ ಮುಂದೆ ಕೂತೋರು ಸಾಕು ಅಂದ್ರೆ ಬಡಿಸೋರು ಇನ್ನೊಂದು ಸೌಟು ಹಾಕ್ತಾರೆ, ಇವಳು ಅದನ್ನೇ ಮಾಡ್ತಾಳೆ. ಕೊನೆಗೆ ಭಾವ ಮಾತೇ ಬಿಟ್ಟು ತೊಡೆ ತಟ್ಟೋದು ಅಂತ ಆಯಿತು. ತಟ್ಟಿದ ತಕ್ಷಣ ಕೈ ತೆಗಿ, ಅಷ್ಟೇ.

ಆವತ್ತಿಂದ ಕೆಲಸ ಕೈಗೆ ಹತ್ತಿತು. ತೆಳ್ಳನೆ ತಗಡಿನಲ್ಲಿ ಉದ್ದಕ್ಕೆ ಎಳೆಯೋ ಹಾಗೇ ಇಲ್ಲ. ಇಲ್ಲೊಂದು ಬೆಸುಗೆ ಬೊಟ್ಟು, ದೂರದ ಮೂಲೆಗೆ ಒಂದು ಬೊಟ್ಟು, ಆರಿದ ಮೇಲೆ ನಡುವೆ ಇನ್ನೊಂದು. ಒಂದೇ ಕಡೆ ಹಾಕ್ತಾ ಹೋದರೆ ಬಿಸಿಗೆ ತಗಡು ಉಬ್ಬಿ ದೋಸೆ ಥರ ಏಳುತ್ತೆ. ನನಗೋ ಒಂದು ಕೆಲಸ ಹಿಡಿದರೆ ಆ ತುದಿ ಮುಟ್ಟೋವರೆಗೆ ನಿಲ್ಲಿಸೋ ಅಭ್ಯಾಸವಿಲ್ಲ. ಬೊಟ್ಟು ಹಾಕಿ, ಹೆಲ್ಮೆಟ್ ಎತ್ತಿ, ಆರೋವರೆಗೆ ಸುಮ್ಮನೆ ಕಾಯೋದಿದೆಯಲ್ಲ, ಅದೇ ದೊಡ್ಡ ಶಿಕ್ಷೆ. ಕಾಯೋವಾಗ ಭಾವ ತಮ್ಮ ಪ್ರತಾಪ ಹೇಳೋರು. ತೊಡೆ ತಟ್ಟೋದೂ ನಿಧಾನಕ್ಕೆ ಕಮ್ಮಿಯಾಯಿತು. ಸದ್ದು ಕೆಡ್ತಾ ಇದೆ ಅಂತ ನನ್ನ ಕಿವಿಗೇ ಗೊತ್ತಾಗಿ, ಅವರು ತಟ್ಟೋಕೆ ಮೊದಲೇ ಬೆರಳು ಏಳ್ತಿತ್ತು. ಅದನ್ನ ಅವರು ಒಪ್ಪಿಕೊಳ್ಳಲಿಲ್ಲ, ತಾವೇ ತಟ್ಟಿದ್ದು ಅಂತ ವಾದ.

ಆಮೇಲೆ ಗಾಡಿಯ ಸರದಿ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಸೀಟು ಎಲ್ಲ ಬಿಚ್ಚಿ ದೂರ ಇಟ್ಟೆವು. ತುಕ್ಕಿನ ಮೇಲೆ ಬೆಸುಗೆ ಕೂರಲ್ಲ, ಒಳ್ಳೇ ತಗಡು ಸಿಗೋವರೆಗೆ ಕತ್ತರಿಸಬೇಕು ಅಂದರು ಭಾವ. ಗ್ರೈಂಡರ್ ಹಿಡಿದು ಕತ್ತರಿಸ್ತಾ ಹೋದೆ. ಒಳ್ಳೇ ತಗಡು ಸಿಗಲಿಲ್ಲ. ಇನ್ನೊಂದಿಷ್ಟು, ಇನ್ನೊಂದಿಷ್ಟು ಅಂತ, ಪಾದದಷ್ಟು ತೂತು ಮೊರದಷ್ಟಾಯಿತು. ಕಾಲಿಡೋ ಜಾಗದಲ್ಲಿ ಈಗ ನೆಲ ಕಾಣ್ತಿತ್ತು, ನೆಲದ ಮೇಲೆ ಓಡಾಡೋ ಇರುವೆ ಕಾಣ್ತಿತ್ತು. ಹೊಸ ಕೋಲೂರಿಕೊಂಡು ಅಕ್ಕ ಬಂದು ನಿಂತು ನೋಡಿದಳು. ಮುಖ ಬಿಳಿಚಿಕೊಂಡಿತು. ಹಾಗೇ ತಿರುಗಿ ಒಳಗೆ ಹೋದಳು. ಗುಜರಿಗೆ ಹಾಕು ಅಂದವನ ಮಾತು ನಾನೇ ನನ್ನ ಕೈಯಾರೆ ನಿಜ ಮಾಡಿದೆನಾ ಅನ್ನಿಸಿತು. ಇನ್ನು ಹಿಂದಕ್ಕೆ ಹೋಗೋ ಹಾಗಿಲ್ಲ. ಇದು ಕೂಡದೇ ಹೋದರೆ ಅವಳು ಆ ಜಗಲಿ ಮೇಲೇ, ಕಾಯ್ತಾನೇ, ಉಳೀತಾಳೆ.

ಗಟ್ಟಿಯಾಗಿರಲಿ ಅಂತ ನಾನು ಆರಿಸಿದ ತುಂಡು ಮಿಲ್ಲಿನ ದಪ್ಪ ತಗಡು. ಭಾವ ಬೆರಳಲ್ಲಿ ಹಿಡಿದು ನೋಡಿ, ಮೂಗಿಗಿಂತ ಮೂಗುತಿ ಭಾರ ಅಂತ ಎಸೆದರು. ದಪ್ಪದ್ದು ಕಾದು ಬಿಸಿಯಾಗೋ ಹೊತ್ತಿಗೆ ತೆಳ್ಳಂದು ಕರಗಿರುತ್ತೆ. ಕೊನೆಗೆ ಬೀರುವಿನ ಬಾಗಿಲಿನ ತಗಡೇ ಸರಿಬಂತು. ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ಕೂರಿಸಿ, ಬೊಟ್ಟು ಹಾಕ್ತಾ ಬಂದೆ. ಒಂದು ಮೂಲೆಯಲ್ಲಿ ಬುಸ್ ಅಂದೇ ಅಂತು. ನನ್ನ ಎದೆಯೂ ಬುಸ್ ಅಂತು. ಭಾವ ಬೈಯಲಿಲ್ಲ. ಹಳೇ ತಾಮ್ರದ ಚೊಂಬು ಒಂದಿದ್ರೆ ಚಪ್ಪಟೆ ಮಾಡಿ ಕೆಳಗಿಂದ ಒತ್ತಿ ಹಿಡಿ, ತಾಮ್ರಕ್ಕೆ ಬೆಸುಗೆ ಅಂಟಲ್ಲ, ಬಿಸಿ ಎಳ್ಕೊಳ್ಳುತ್ತೆ, ಮೇಲೆ ತುಂಬು ಅಂದರು. ಚೊಂಬು ಸಿಕ್ಕಿತು, ಹಿಡಿಯೋಕೆ ಕೈ ಬೇಕಲ್ಲ. ನನ್ನ ಒಂದು ಕೈಯಲ್ಲಿ ಗನ್ನು. ಭಾವ ಈ ಕಡೆ ತಿರುಗೋ ಹಾಗಿಲ್ಲ. ಕರೆಯೋ ಮೊದಲೇ ಅಕ್ಕ ಬಂದಳು. ನೆಲಕ್ಕೆ ಕೂತು, ದಪ್ಪ ಗ್ಲೌಸು ಹಾಕಿಕೊಂಡು, ಇಕ್ಕಳದಲ್ಲಿ ಚೊಂಬು ಕಚ್ಚಿಸಿ ಕೆಳಗಿನಿಂದ ಒತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. ಹೆದರಿಕೆ ಆಗ್ತಿದ್ಯಾ ಅಂದೆ. ಹಾಕೇ ಬೇಗ, ಕೈ ನೋಯುತ್ತೆ ಅಂದಳು.

ಮುಗಿದ ಮೇಲೆ ಭಾವ ಬೆರಳಾಡಿಸಿ ನೋಡಿದರು, ಮೇಲಿಂದ, ಆಮೇಲೆ ಕೆಳಗಿಂದ. ಕೆಲವು ಕಡೆ ತಂತಿ ಬರೀ ಮೇಲೆ ಕೂತಿದೆ, ಒಳಗೆ ಇಳಿದಿಲ್ಲ ಅಂದರು. ಅವನ್ನೆಲ್ಲ ಉಜ್ಜಿ ತೆಗೆದು ಮತ್ತೆ ಹಾಕಿದೆ. ಅಂದ ಕೇಳಬೇಡಿ. ಮೈಮೇಲೆ ಗುಳ್ಳೆ ಎದ್ದ ಹಾಗೆ ಇತ್ತು. ಆದರೆ ನಾನು ಅದರ ಮೇಲೆ ನಿಂತು ಕುಣಿದೆ, ರಾಗಿ ಮೂಟೆ ಎತ್ತೋ ಮೈ ನಂದು, ಅಲುಗಲಿಲ್ಲ. ಪ್ರೈಮರ್ ಬಳಿದು, ಟ್ಯಾಂಕು ಸೀಟು ಜೋಡಿಸಿ, ಹೊಸ ಮ್ಯಾಟು ಹಾಕಿದೆವು. ಹೊರಡೋವಾಗ ಭಾವ ಅಕ್ಕನಿಗೆ ಹೇಳಿದ್ದು ಇಷ್ಟು, ನಾನು ಮಾಡಿದ್ದು ಕಣಮ್ಮಿ, ಧೈರ್ಯವಾಗಿ ಓಡಿಸು ಅಂತ. ಕಂಡಿರಾ, ಎಂಥ ಜನ!

ಸೋಮವಾರ ಬೆಳಗ್ಗೆ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಊಟದ ಡಬ್ಬಿ ತಗೊಂಡು ಆಚೆ ಬಂದಳು. ಬಲಗಾಲು ತಗಡಿನ ಮೇಲಿಟ್ಟು, ಒಂದು ಸಲ ಭಾರ ಬಿಟ್ಟು, ಹತ್ತಿ ಕೂತಳು. ಗೇಟು ದಾಟಿದಳು. ನನಗೆ ಕಾಲು ನಿಲ್ಲಲಿಲ್ಲ. ಇಷ್ಟು ವರ್ಷ ಯಾರೋ ಮಾಡಿದ ಗಾಡಿ ಮೇಲೆ ಅವಳು ಹೋಗೋವಾಗ ಒಂದು ದಿನವೂ ಹೆದರದ ನಾನು, ನನ್ನ ಕೈಕೆಲಸದ ಮೇಲೆ ಅವಳು ಕಾಲಿಟ್ಟು ಹೋದಳು ಅಂದ ಕೂಡಲೇ ಹೆದರಿಬಿಟ್ಟೆ. ಆ ಮೂಲೆಯ ಬೊಟ್ಟು ಇಳಿದಿತ್ತಾ? ಎಡಗಡೆಯದನ್ನ ಎರಡನೇ ಸಲ ನೋಡಿದೆನಾ? ಮಿಲ್ಲಿನ ಬೀಗ ಕೂಡ ತೆಗೆಯದೆ ಸ್ಕೂಟಿ ಹತ್ತಿ ಹಿಂದೆ ಹೊರಟೆ. ಅವಳಿಗೆ ಕಾಣದ ಹಾಗೆ ಒಂದು ಲಾರಿ ಮರೆಯಲ್ಲಿ, ಆಮೇಲೆ ಒಂದು ಬಸ್ಸಿನ ಮರೆಯಲ್ಲಿ. ಹಳ್ಳ ಬಂದರೆ ಅವಳಿಗಿಂತ ಮೊದಲು ನನ್ನ ಕಾಲು ಬಿಗಿಯಾಗೋದು.

ಕಡಬದ ಏರಿ ಮೇಲೆ ಮರೆಗೆ ಏನೂ ಇರಲಿಲ್ಲ. ಅವಳು ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ, ಕನ್ನಡಿಯಲ್ಲಿ ಎಲ್ಲ ನೋಡ್ಕೊಂಡೇ ಬಂದಿದ್ದಳು. ನಾನು ಕಳ್ಳಿ ಥರ ಹೋಗಿ ಪಕ್ಕದಲ್ಲಿ ನಿಂತೆ. ಸುಮ್ನೆ ಬಂದೆ, ತಗಡು ಹೆಂಗಿದೆ ನೋಡೋಣ ಅಂತ ಅಂದೆ. ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. ಅವಳು ಸಿಟ್ಟಾಗಿರಲಿಲ್ಲ.

“ಹಿಂದೆ ಬರ್ಬೇಡ ಕಣೇ. ಬೀಳೋದಾದ್ರೆ ಬೀಳ್ತೀನಿ. ಬಿದ್ದು ಏಳೋದನ್ನ ನೀನು ಹುಟ್ಟೋಕೆ ಮುಂಚೇನೇ ಕಲ್ತಿದೀನಿ.”

ಅಷ್ಟು ಹೇಳಿ ಗಾಡಿ ಸ್ಟಾರ್ಟ್ ಮಾಡಿ ಹೊರಟಳು. ನಾನು ಸ್ಕೂಟಿ ತಿರುಗಿಸಿದೆ. ಅಳು ಬಂತು, ಅತ್ತುಬಿಟ್ಟೆ. ಹಿಂದೆ ಅವಳು ಕಾಣ್ತಾಳಾ ಅಂತ ಗುಬ್ಬಿ ಸೇರೋವರೆಗೂ ಕನ್ನಡಿ ನೋಡಲಿಲ್ಲ.